ವಂಶದ ಪಾಲು, ಅಬಕಾರಿಯ ಪಾಲು: ಸೋಂಪುರದ ನೆಲೆಯಿಂದ ಕುಡಿತ ಮತ್ತು ಲಿವರ್ ಕಾಯಿಲೆಯ ಚರಿತ್ರೆ

ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿಯ ಕಡೆ ಕುಡಿತದ ಮಾತು ಬಂದರೆ ಸಾಮಾನ್ಯವಾಗಿ ಎರಡು ವಿವರಣೆ ಕೇಳುತ್ತೇವೆ. ‘ಅದು ಅವರ ಮನೆತನದಲ್ಲೇ ಐತೆ, ಅಪ್ಪನೂ ಹಂಗೇ, ತಾತನೂ ಹಂಗೇ’ ಎನ್ನುವುದು ಒಂದು. ‘ಫ್ಯಾಕ್ಟ್ರಿ ಬಂತು, ಬಾರು ಬಂತು, ಹುಡುಗ್ರು ಕೆಟ್ರು’ ಎನ್ನುವುದು ಇನ್ನೊಂದು. ಮೊದಲನೆಯದು ರಕ್ತದ ಮೇಲೆ ಹೊರೆ ಹಾಕುತ್ತದೆ, ಎರಡನೆಯದು ಊರಿನ ಮೇಲೆ. ವೈದ್ಯಶಾಸ್ತ್ರವೂ ಕಳೆದ ಇನ್ನೂರು ವರ್ಷಗಳಿಂದ ಇದೇ ಎರಡು ಮಾತುಗಳ ನಡುವೆ ಓಡಾಡಿದೆ. ಅದು ಹೊರಡಿಸಿದ ತೀರ್ಪುಗಳನ್ನು ಬೆಂಗಳೂರು ಗ್ರಾಮಾಂತರದ ಈ ಹೋಬಳಿಯ ಸಂದರ್ಭದಲ್ಲಿಟ್ಟು ಓದುವುದು ಈ ಲೇಖನದ ಉದ್ದೇಶ. ನನ್ನ ವಾದ ಇಷ್ಟು: ಕುಡಿತಕ್ಕೆ ಬೀಳುವ ಒಲವು ಒಂದು ಬಳುವಳಿ, ಕುಡಿದದ್ದನ್ನು ತಾಳಲಾರದ ಲಿವರ್ ಇನ್ನೊಂದು ಬಳುವಳಿ. ಇವೆರಡನ್ನೂ ಒಂದೇ ಎಂದುಕೊಂಡದ್ದರಿಂದಲೇ ಬಹಳಷ್ಟು ಗೊಂದಲ ಹುಟ್ಟಿದೆ. ಈ ಬಳುವಳಿಗಳಲ್ಲಿ ಯಾವುದು ಯಾವಾಗ ಹೊರಬೀಳುತ್ತದೆ ಎಂಬುದರಲ್ಲಿ ಅಬಕಾರಿ ನೀತಿಯ ಪಾತ್ರ ನಾವು ಒಪ್ಪಿಕೊಂಡದ್ದಕ್ಕಿಂತ ದೊಡ್ಡದು.

ಕುಡಿತಕ್ಕೂ ಗಟ್ಟಿಯಾದ, ಗಂಟುಗಂಟಾದ ಲಿವರ್‌ಗೂ ನಂಟಿದೆ ಎಂದು ಲಂಡನ್ನಿನ ಮ್ಯಾಥ್ಯೂ ಬೇಲಿ 1793ರಲ್ಲೇ ಗುರುತಿಸಿದ್ದ. ಫ್ರಾನ್ಸಿನ ಲೆನೆಕ್ 1819ರಲ್ಲಿ ಆ ಸ್ಥಿತಿಗೆ ಸಿರೋಸಿಸ್ ಎಂಬ ಹೆಸರು ಕೊಟ್ಟ. ಆದರೆ ಹೆಂಡವೇ ವಿಷವೋ, ಹೆಂಡದ ಹಿಂದೆ ಬರುವ ಹಸಿವು ವಿಷವೋ ಎಂಬ ಜಗಳ ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ನಡೆಯಿತು. ಕುಡುಕ ಊಟ ಬಿಡುತ್ತಾನೆ, ಪ್ರೋಟೀನು, ವಿಟಮಿನ್ನುಗಳ ಕೊರತೆಯಿಂದ ಲಿವರ್ ಕೆಡುತ್ತದೆ ಎಂಬ ವಾದಕ್ಕೆ ಬಹಳ ಕಾಲ ಮೇಲುಗೈ ಇತ್ತು. ನ್ಯೂಯಾರ್ಕಿನಲ್ಲಿ ಚಾರ್ಲ್ಸ್ ಲೀಬರ್ ಮತ್ತು ಸಂಗಡಿಗರು ಬಬೂನ್ ಕೋತಿಗಳಿಗೆ ಹೊಟ್ಟೆತುಂಬ ಪೌಷ್ಟಿಕ ಆಹಾರದ ಜೊತೆಗೇ ಆಲ್ಕೋಹಾಲ್ ಕೊಟ್ಟು, 1974ರಲ್ಲಿ ಅವುಗಳಲ್ಲಿ ಕೊಬ್ಬು ತುಂಬಿದ ಲಿವರಿನಿಂದ ಸಿರೋಸಿಸ್‌ವರೆಗಿನ ಹಂತಗಳನ್ನು ತೋರಿಸಿದ ಮೇಲೆ ಆ ವಾದ ಸಡಿಲವಾಯಿತು. ‘ಚೆನ್ನಾಗಿ ತಿಂದು ಕುಡಿದರೆ ಏನೂ ಆಗಲ್ಲ’ ಎಂಬ ನಂಬಿಕೆ ನಮ್ಮಲ್ಲಿ ಇವತ್ತಿಗೂ ಉಳಿದಿದೆ. ಅದಕ್ಕೆ ಆಗಲೇ ಉತ್ತರ ಸಿಕ್ಕಿತ್ತು.

ವಂಶ ಎಂದು ಕಂಡದ್ದೆಲ್ಲ ವಂಶವಲ್ಲ ಎಂಬುದಕ್ಕೆ ಭಾರತದ್ದೇ ಒಂದು ಉದಾಹರಣೆಯನ್ನು ಇಲ್ಲಿ ನೆನೆಯಬೇಕು. ಅದರಲ್ಲಿ ಮದ್ಯದ ಹನಿಯೂ ಇಲ್ಲ. ಒಂದರಿಂದ ಮೂರು ವರ್ಷದ ಮಕ್ಕಳ ಹೊಟ್ಟೆ ಊದಿ, ಲಿವರ್ ಕಲ್ಲಾಗಿ, ಕಾಮಾಲೆ ಬಂದು ತೀರಿಕೊಳ್ಳುತ್ತಿದ್ದ ‘ಭಾರತೀಯ ಶಿಶು ಸಿರೋಸಿಸ್’ 1887ರಲ್ಲಿ ಕಲ್ಕತ್ತೆಯಿಂದ ಮೊದಲು ವರದಿಯಾಯಿತು. ಒಂದೇ ಮನೆಯಲ್ಲಿ ಒಂದರ ಹಿಂದೆ ಒಂದು ಮಗು ಹೋಗುತ್ತಿತ್ತು. ಕೆಲವು ಸಮುದಾಯಗಳಲ್ಲೇ ಹೆಚ್ಚು ಕಾಣುತ್ತಿತ್ತು. ಹಾಗಾಗಿ ಇದು ಆನುವಂಶಿಕ ಎಂದು ವೈದ್ಯರು ದಶಕಗಟ್ಟಲೆ ನಂಬಿದ್ದರು. 1980ರ ದಶಕದಲ್ಲಿ ಪುಣೆಯ ವೈದ್ಯರೂ ಬ್ರಿಟನ್ನಿನ ಸ್ಟುವರ್ಟ್ ಟ್ಯಾನರ್ ಅವರೂ ಸೇರಿ ಆ ಮಕ್ಕಳ ಲಿವರಿನಲ್ಲಿ ಅಪಾರ ತಾಮ್ರ ಸೇರಿರುವುದನ್ನೂ, ಅದು ಹಿತ್ತಾಳೆ ಮತ್ತು ತಾಮ್ರದ ಪಾತ್ರೆಗಳಲ್ಲಿ ಕಾಯಿಸಿಟ್ಟ ಹಾಲಿನ ಮೂಲಕ ಬರುತ್ತಿರುವುದನ್ನೂ ತೋರಿಸಿದರು. ಅಡುಗೆಮನೆಗೆ ಸ್ಟೀಲ್ ಪಾತ್ರೆ ಬಂದಂತೆ ರೋಗ ಹೆಚ್ಚುಕಡಿಮೆ ಕಾಣೆಯಾಯಿತು. ಕೆಲವು ಮಕ್ಕಳ ದೇಹಕ್ಕೆ ತಾಮ್ರವನ್ನು ಹೊರಹಾಕುವ ಶಕ್ತಿ ಹುಟ್ಟಿನಿಂದಲೇ ಕಡಿಮೆ ಇದ್ದಿರಬಹುದು; ಆ ಸಾಧ್ಯತೆಯನ್ನು ಯಾರೂ ಪೂರ್ತಿ ತಳ್ಳಿಹಾಕಿಲ್ಲ. ಆದರೆ ಮನೆಯಿಂದ ಮನೆಗೆ, ಅತ್ತೆಯಿಂದ ಸೊಸೆಗೆ ದಾಟುತ್ತಿದ್ದುದರಲ್ಲಿ ಪಾತ್ರೆಯೂ ಒಂದು. ಒಂದು ಕುಟುಂಬದಲ್ಲಿ ರೋಗ ಹರಿದುಬಂದಿದೆ ಎಂದಷ್ಟಕ್ಕೇ ಅದು ವಂಶವಾಹಿಗಳಲ್ಲಿ ಹರಿದುಬಂದಿದೆ ಎನ್ನಲಾಗದು.

ಅವಳಿಗಳು, ದತ್ತುಮಕ್ಕಳು

ಈ ಗಂಟನ್ನು ಬಿಡಿಸಲು ಎರಡು ದಾರಿಗಳಿದ್ದವು. ಹುಟ್ಟಿದ ಮನೆಯಿಂದ ಬೇರೆಡೆಗೆ ದತ್ತು ಹೋದ ಮಕ್ಕಳನ್ನು ನೋಡುವುದು ಒಂದು. ತದ್ರೂಪಿ ಅವಳಿಗಳನ್ನು ಬೇರೆ ಅವಳಿಗಳ ಜೊತೆ ಹೋಲಿಸುವುದು ಇನ್ನೊಂದು. ಡೋನಲ್ಡ್ ಗುಡ್‌ವಿನ್ ಮತ್ತು ಸಹೋದ್ಯೋಗಿಗಳು 1973ರಲ್ಲಿ ಪ್ರಕಟಿಸಿದ ಡೆನ್ಮಾರ್ಕಿನ ಅಧ್ಯಯನದಲ್ಲಿ, ಮದ್ಯವ್ಯಸನಿಗಳಿಗೆ ಹುಟ್ಟಿ ಬೇರೆ ಮನೆಯಲ್ಲಿ ಬೆಳೆದ ಗಂಡುಮಕ್ಕಳು ಉಳಿದ ದತ್ತುಮಕ್ಕಳಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚಾಗಿ ವ್ಯಸನಿಗಳಾಗಿದ್ದರು. ಅಪ್ಪನನ್ನು ನೋಡಿ ಕಲಿತದ್ದು ಎಂಬ ವಿವರಣೆ ಇವರಿಗೆ ಹೊಂದುವುದಿಲ್ಲ. 1981ರಲ್ಲಿ ಸ್ಟಾಕ್‌ಹೋಮಿನ ದತ್ತುಮಕ್ಕಳ ಅಧ್ಯಯನದಿಂದ ಕ್ಲೋನಿಂಜರ್ ಎರಡು ಬಗೆಗಳನ್ನು ಬೇರ್ಪಡಿಸಿದ. ಚಿಕ್ಕ ವಯಸ್ಸಿನಲ್ಲೇ ಶುರುವಾಗುವ, ದುಡುಕು ಸ್ವಭಾವದ ಗಂಡಸರಲ್ಲಿ ಕಾಣುವ ಬಗೆಯಲ್ಲಿ ವಂಶದ ಪಾಲು ದೊಡ್ಡದು. ತಡವಾಗಿ ಬರುವ ಬಗೆ ಹೊರಹೊಮ್ಮಲು ಪರಿಸರದ ಪ್ರಚೋದನೆ ಬೇಕು. ಇಂಥ ಅಧ್ಯಯನಗಳನ್ನೆಲ್ಲ ಕೂಡಿಸಿ 2015ರಲ್ಲಿ ಮಾಡಿದ ಲೆಕ್ಕದ ಪ್ರಕಾರ ಮದ್ಯವ್ಯಸನದಲ್ಲಿ ಆನುವಂಶಿಕ ಪಾಲು ಸುಮಾರು ಅರ್ಧ. ಈ ಅರ್ಧ ಎಂಬುದನ್ನು ಎಚ್ಚರದಿಂದ ಓದಬೇಕು. ಒಂದು ಜನಸಮೂಹದೊಳಗೆ ವ್ಯಕ್ತಿ ವ್ಯಕ್ತಿಗಳ ನಡುವೆ ಕಾಣುವ ವ್ಯತ್ಯಾಸದ ಅರ್ಧ ಅದು. ಒಬ್ಬನ ಕುಡಿತದಲ್ಲಿ ಅರ್ಧ ಅಪ್ಪನದು, ಅರ್ಧ ಬಾರಿನದು ಎಂದು ಪಾಲು ಮಾಡಲು ಬರುವುದಿಲ್ಲ. ಪತ್ರಿಕೆಗಳು ಹಾಗೆಯೇ ಬರೆಯುತ್ತವೆ, ಅದು ಬೇರೆ ಮಾತು.

ಬೆಂಗಳೂರಿನ ನಿಮ್ಹಾನ್ಸ್ ಈ ಚರಿತ್ರೆಯೊಳಗೆ ಬರುವುದು 1990ರ ದಶಕದಲ್ಲಿ. ಅಪರೂಪಕ್ಕೆ ಕೇಳಿಸುವ ಒಂದು ಸದ್ದಿಗೆ ಮಿದುಳು ಸುಮಾರು 300 ಮಿಲಿಸೆಕೆಂಡುಗಳ ನಂತರ ತೋರುವ ವಿದ್ಯುತ್ ಅಲೆಗೆ ಪಿ300 ಎನ್ನುತ್ತಾರೆ. ವ್ಯಸನಿಗಳ ಗಂಡುಮಕ್ಕಳಲ್ಲಿ, ಅವರಿನ್ನೂ ಕುಡಿಯಲು ಶುರುಮಾಡುವ ಮೊದಲೇ, ಈ ಅಲೆ ಚಿಕ್ಕದಾಗಿರುತ್ತದೆ ಎಂದು ಅಮೆರಿಕದ ಹೆನ್ರಿ ಬೆಗ್ಲೈಟರ್ 1984ರಲ್ಲಿ ತೋರಿಸಿದ್ದ. ನಿಮ್ಹಾನ್ಸಿನ ವಿವೇಕ್ ಬೆನಗಲ್, ಸಂಜೀವ್ ಜೈನ್, ಸುಬ್ಬುಕೃಷ್ಣ ಮತ್ತು ಚನ್ನಬಸವಣ್ಣ ಅವರು 1995ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಹೆಜ್ಜೆ ಮುಂದಿಟ್ಟಿತು: ಮನೆಯಲ್ಲಿ ವ್ಯಸನದ ಹೊರೆ ಹೆಚ್ಚಿದಷ್ಟೂ ಗಂಡು ಬಂಧುಗಳಲ್ಲಿ ಆ ಅಲೆ ಕುಗ್ಗುತ್ತ ಹೋಗುತ್ತದೆ. ಇದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಮಿದುಳಿನ ಅಲೆಗಿಂತ ಅದು ಸೂಚಿಸುವ ಸಂಗತಿ. ಇಲ್ಲಿ ಬಳುವಳಿಯಾಗಿ ಬಂದಿರುವುದು ಕುಡಿತವಲ್ಲ. ತಡೆದುಕೊಳ್ಳುವ, ಗಮನ ನಿಲ್ಲಿಸುವ ಶಕ್ತಿಯಲ್ಲಿನ ಒಂದು ವ್ಯತ್ಯಾಸ. ಅಂಥ ಹುಡುಗ ಬಾಟಲಿಯೇ ಇಲ್ಲದ ಊರಿನಲ್ಲಿ ಹುಟ್ಟಿದ್ದರೆ ತಂಟೆಕೋರ ಎನಿಸಿಕೊಂಡು ಬೆಳೆಯುತ್ತಿದ್ದ, ಅಷ್ಟೆ.

ಎರಡನೆಯ ಬಳುವಳಿ

ಲಿವರಿನ ವಿಷಯ ಬೇರೆ. ಇಟಲಿಯ ಉತ್ತರದ ಎರಡು ಊರುಗಳಲ್ಲಿ ನಡೆದ, 1997ರಲ್ಲಿ ಪ್ರಕಟವಾದ ಡಯೋನಿಸಸ್ ಅಧ್ಯಯನದಲ್ಲಿ ಸುಮಾರು 7,000 ಜನರನ್ನು ಪರೀಕ್ಷಿಸಲಾಯಿತು. ದಿನಕ್ಕೆ 30 ಗ್ರಾಂ ಆಲ್ಕೋಹಾಲ್ ದಾಟಿದರೆ ಅಪಾಯ ಶುರು. ಊಟದ ಹೊತ್ತು ಬಿಟ್ಟು ಕುಡಿಯುವವರಿಗೆ, ಬಗೆಬಗೆಯ ಮದ್ಯ ಕುಡಿಯುವವರಿಗೆ ಅಪಾಯ ಇನ್ನೂ ಹೆಚ್ಚು. ಆದರೂ ದಿನಕ್ಕೆ 120 ಗ್ರಾಂಗಿಂತ ಹೆಚ್ಚು ಕುಡಿಯುವವರಲ್ಲಿ ಕೂಡ ಮದ್ಯದಿಂದ ಲಿವರ್ ಕೆಟ್ಟವರು ನೂರಕ್ಕೆ 13–14 ಮಂದಿ ಮಾತ್ರ. ಹಾಗಾದರೆ ಉಳಿದವರನ್ನು ಕಾಪಾಡಿದ್ದು ಯಾವುದು? ‘ಅವನು ನನ್ನ ಎರಡರಷ್ಟು ಕುಡೀತಾನೆ, ಗುಂಡುಕಲ್ಲಿನಂಗವ್ನೆ’ ಎಂದು ಕುಡಿಯುವವರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಸಮಾಧಾನದಲ್ಲಿ ಒಂದು ವೈಜ್ಞಾನಿಕ ಪ್ರಶ್ನೆ ಅಡಗಿದೆ.

ಅದಕ್ಕೆ ಮೊದಲ ಉತ್ತರ ಬಂದದ್ದು ಎರಡನೇ ಮಹಾಯುದ್ಧದಲ್ಲಿ ಕೆಲಸ ಮಾಡಿದ ಅಮೆರಿಕದ ಅವಳಿ ಸೈನಿಕರಿಂದ. 15,924 ಗಂಡು ಅವಳಿ ಜೋಡಿಗಳ ದಾಖಲೆ ನೋಡಿದ ಹ್ರುಬೆಕ್ ಮತ್ತು ಓಮೆನ್ 1981ರಲ್ಲಿ ಹೀಗೆ ವರದಿ ಮಾಡಿದರು: ತದ್ರೂಪಿ ಅವಳಿಗಳಲ್ಲಿ ಒಬ್ಬನಿಗೆ ಮದ್ಯದ ಸಿರೋಸಿಸ್ ಇದ್ದರೆ ಇನ್ನೊಬ್ಬನಿಗೂ ಇರುವ ಪ್ರಮಾಣ ಶೇ 14.6; ಬೇರೆ ಅವಳಿಗಳಲ್ಲಿ ಶೇ 5.4. ಲಿವರಿಗೇ ಸೇರಿದ ಒಂದು ಬಳುವಳಿ ಇದೆ ಎಂದು ಇದರಿಂದ ತೀರ್ಮಾನಿಸಲಾಯಿತು. ಆದರೆ 1996ರಲ್ಲಿ ಅದೇ ಅವಳಿಗಳ ಲೆಕ್ಕವನ್ನು ಮತ್ತೆ ಬಿಡಿಸಿದವರು, ಇದರಲ್ಲಿ ಬಹುಪಾಲು ಕುಡಿತದ ಒಲವಿನದೇ ಬಳುವಳಿ, ಲಿವರಿನದೇ ಆದ ಪಾಲು ತೀರ ಕಡಿಮೆ ಎಂದರು. ನಾನು ಆರಂಭದಲ್ಲಿ ಮುಂದಿಟ್ಟ ವಾದಕ್ಕೆ ಇದು ನೇರ ಅಡ್ಡಿ.

ಅಡ್ಡಿ ತೊಲಗಿದ್ದು ವಂಶವಾಹಿಗಳನ್ನೇ ಓದುವ ಕಾಲ ಬಂದಾಗ. ಪಿಎನ್‌ಪಿಎಲ್‌ಎ3 ಎಂಬ ವಂಶವಾಹಿಯ ಒಂದು ರೂಪ ಲಿವರಿನಲ್ಲಿ ಕೊಬ್ಬು ಕಟ್ಟಿಕೊಳ್ಳಲು ಕಾರಣವಾಗುತ್ತದೆ ಎಂದು 2008ರಲ್ಲಿ ಟೆಕ್ಸಸ್‌ನ ಡಲ್ಲಾಸಿನಲ್ಲಿ ಗೊತ್ತಾಯಿತು. ಅದೇ ರೂಪ ಕುಡಿಯುವವರಲ್ಲಿ ಸಿರೋಸಿಸ್‌ನ ಅಪಾಯವನ್ನೂ ಏರಿಸುತ್ತದೆ ಎಂದು 2010ರಲ್ಲಿ ಮೆಕ್ಸಿಕೊದ ರೋಗಿಗಳಲ್ಲಿ ಕಂಡುಬಂತು. 2015ರ ಯುರೋಪಿನ ಅಧ್ಯಯನ ಇನ್ನೆರಡನ್ನು ಸೇರಿಸಿತು, ಟಿಎಂ6ಎಸ್ಎಫ್2 ಮತ್ತು ಎಂಬಿಒಎಟಿ7. ಇವುಗಳಿಗೂ ಕುಡಿಯುವ ಚಪಲಕ್ಕೂ ಸಂಬಂಧವಿಲ್ಲ. ಇವು ಕೊಬ್ಬಿನ ವಿಲೇವಾರಿಗೆ ಸೇರಿದವು. ಕುಡಿತದ ಕಡೆಗೆ ಬಂದರೆ, ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಕೂಡಿಸಿ 2023ರಲ್ಲಿ ನಡೆದ ವಿಶ್ಲೇಷಣೆ ನೂರಕ್ಕೂ ಹೆಚ್ಚು ತಾಣಗಳನ್ನು ಗುರುತಿಸಿತು. ಒಂದೊಂದರ ಪ್ರಭಾವವೂ ಅತ್ಯಲ್ಪ. ‘ಕುಡುಕರ ಜೀನ್’ ಎಂಬುದೊಂದು ಇಲ್ಲವೇ ಇಲ್ಲ.

ಇದರ ವ್ಯಾವಹಾರಿಕ ಅರ್ಥ ಗಂಭೀರವಾದುದು. ವಿಪರೀತ ಕುಡಿಯುವ ಒಬ್ಬನಿಗೆ ಲಿವರ್ ಚೆನ್ನಾಗಿರಬಹುದು. ಮಿತವಾಗಿ ಕುಡಿಯುವ, ಊರಿನವರೆಲ್ಲ ಒಳ್ಳೆಯವನೆನ್ನುವ ಅವನ ಭಾವಮೈದುನ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಆಸ್ಪತ್ರೆ ಸೇರಬಹುದು. ಸಕ್ಕರೆ ಕಾಯಿಲೆ ಮತ್ತು ಹೊಟ್ಟೆಯ ಬೊಜ್ಜು ಇದ್ದರೆ ಅದೇ ಪ್ರಮಾಣದ ಮದ್ಯ ಹೆಚ್ಚು ಹಾನಿ ಮಾಡುತ್ತದೆ. ಇಂಥ ದೇಹಸ್ಥಿತಿ ಮತ್ತು ಕುಡಿತ ಎರಡರ ಕೂಟಕ್ಕೆ 2023ರಲ್ಲಿ ಲಿವರ್ ತಜ್ಞರ ಅಂತರರಾಷ್ಟ್ರೀಯ ಸಂಘಟನೆಗಳು ಪ್ರತ್ಯೇಕ ರೋಗವರ್ಗವನ್ನೇ ಮಾಡಿದವು. ಹೊಲ ಬಿಟ್ಟು ಪಾಳಿ ಕೆಲಸಕ್ಕೆ ಹೋಗುವ, ರಾಗಿಮುದ್ದೆಯ ಜಾಗದಲ್ಲಿ ಹೋಟೆಲ್ ಊಟ ಮಾಡುವ ತಲೆಮಾರಿಗೆ ಈ ವರ್ಗ ಚೆನ್ನಾಗಿ ಅನ್ವಯಿಸುತ್ತದೆ.

ಒಂದು ರಕ್ಷಣೆ ನಮಗೆ ಇಲ್ಲ. ಆಲ್ಕೋಹಾಲ್ ಲಿವರಿನಲ್ಲಿ ಮೊದಲು ಅಸಿಟಾಲ್ಡಿಹೈಡ್ ಆಗುತ್ತದೆ, ನಂತರ ಅಸಿಟೇಟ್. ಚೀನಾ, ಜಪಾನ್, ಕೊರಿಯಾಗಳಲ್ಲಿ ಬಹಳ ಮಂದಿಗೆ ಎರಡನೇ ಹೆಜ್ಜೆಯ ಕಿಣ್ವ ಮಂದವಾಗಿರುತ್ತದೆ. ಹಾಗಾಗಿ ಒಂದು ಗುಟುಕಿಗೇ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ಕುಡಿತವೇ ಬೇಡವೆನಿಸುತ್ತದೆ. ಆ ರೂಪದ ವಂಶವಾಹಿ ದಕ್ಷಿಣ ಭಾರತದಲ್ಲಿ ತೀರ ವಿರಳ. ಕೋಪನ್‌ಹೇಗನ್ನಿನಲ್ಲಿ 1948ರಲ್ಲಿ ವರದಿಯಾದ, ನಮ್ಮ ವ್ಯಸನಮುಕ್ತಿ ಕೇಂದ್ರಗಳಲ್ಲಿ ಈಗಲೂ ಬಳಸುವ ಡೈಸಲ್ಫಿರಾಮ್ ಮಾತ್ರೆ ಮಾಡುವುದು ಇದೇ ಕೆಲಸವನ್ನು. ಹುಟ್ಟಿನಿಂದ ಬಾರದ ತಡೆಯನ್ನು ಅದು ಮಾತ್ರೆಯ ರೂಪದಲ್ಲಿ ಒದಗಿಸುತ್ತದೆ. ರೋಗಿಗೆ ಹೇಳದೆ ಊಟದಲ್ಲಿ ಬೆರೆಸಿ ಕೊಡುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಗೊತ್ತಿಲ್ಲದೆ ಅದರ ಮೇಲೆ ಕುಡಿದರೆ ಪ್ರಾಣಕ್ಕೇ ಸಂಚಕಾರ ಬರಬಹುದು. ಲಿವರ್ ಆಗಲೇ ಕೆಟ್ಟಿದ್ದವರಿಗೆ ಮಾತ್ರೆಯೇ ಅಪಾಯ.

ಈಚಲು ಹೆಂಡದಿಂದ ನೈಂಟಿಯವರೆಗೆ

ಒಂದು ಊರಿನ ವಂಶವಾಹಿಗಳು ಮೂರು ತಲೆಮಾರಿನಲ್ಲಿ ಹೇಳಿಕೊಳ್ಳುವಂತೆ ಬದಲಾಗುವುದಿಲ್ಲ. ಅಷ್ಟರಲ್ಲಿ ಈ ಭಾಗದ ಮದ್ಯ ಮೂರು ಸಲ ಬದಲಾಗಿದೆ. ಹಳೇ ಮೈಸೂರಿನ ಬಯಲುಸೀಮೆಯ ಮುಖ್ಯ ಪಾನೀಯ ಈಚಲು ಮರದ ಹೆಂಡ. ಅದರಲ್ಲಿ ಆಲ್ಕೋಹಾಲ್ ಸುಮಾರು ನೂರಕ್ಕೆ ಐದು ಪಾಲು. ಹೆಂಡದಂಗಡಿ, ಸಾರಾಯಿ ಅಂಗಡಿಗಳ ಹರಾಜು ಸರ್ಕಾರದ ದೊಡ್ಡ ಆದಾಯವಾಗಿತ್ತು. ಹೆಂಡ ಇಳಿಸುವುದು, ಮಾರುವುದು ಈಡಿಗರ ಕಸುಬಾಗಿತ್ತು. ಕಸುಬನ್ನು ಜಾತಿಯ ಸ್ವಭಾವವೆಂದು ಓದುವ ಚಾಳಿಯೂ ಜೊತೆಗೇ ಬೆಳೆಯಿತು. ಕೆಲವು ಸಮುದಾಯಗಳಿಗೆ ಅಪರಾಧ ಹುಟ್ಟುಗುಣ ಎಂದು 1871ರಲ್ಲಿ ಕಾನೂನನ್ನೇ ಮಾಡಿದ್ದ ಆಡಳಿತದ ಕಾಲ ಅದು. ‘ಆ ಜಾತಿಯವರೇ ಹಂಗೆ’ ಎಂಬ ಮಾತಿನ ಬೆನ್ನಿಗೆ ಇವತ್ತು ಜೀನ್ ಎಂಬ ಪದವನ್ನು ತಂದು ನಿಲ್ಲಿಸುವವರು ಈ ಚರಿತ್ರೆಯನ್ನು ಓದಿದ್ದರೆ ಒಳ್ಳೆಯದಿತ್ತು.

ಸ್ವಾತಂತ್ರ್ಯಾನಂತರ ರಾಜ್ಯದ ಹಲವು ಭಾಗಗಳಲ್ಲಿದ್ದ ಪಾನನಿಷೇಧ 1967ರಲ್ಲಿ ತೆರವಾಯಿತು. ಆಮೇಲಿನದು ಸಾರಾಯಿಯ ಕಾಲ. ಗುತ್ತಿಗೆದಾರರ ಕಾಲವೂ ಹೌದು, ಪ್ಯಾಕೆಟ್ಟಿನ ಕಾಲವೂ ಹೌದು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2000ದ ದಶಕದಲ್ಲಿ ಈ ಭಾಗದ ಹೆಂಡದಂಗಡಿಗಳು ಮುಚ್ಚಿದವು. 2007ರ ಜುಲೈ 1ರಿಂದ ಸಾರಾಯಿಯೂ ನಿಷೇಧವಾಯಿತು. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಕೃಷ್ಣಗಿರಿ ಸೀಮೆಯಲ್ಲಿ ಮೆಥನಾಲ್ ಬೆರೆತ ಮದ್ಯಕ್ಕೆ ಮತ್ತೆ ನೂರಕ್ಕೂ ಹೆಚ್ಚು ಜನ ಬಲಿಯಾದರು. ಮೆಥನಾಲನ್ನು ವಿಷವಾಗಿಸುವುದು ಲಿವರಿನಲ್ಲಿ ಮದ್ಯವನ್ನು ಒಡೆಯುವ ಅದೇ ಮೊದಲ ಕಿಣ್ವ. ಆದರೆ ಅಲ್ಲಿ ಯಾರ ವಂಶವೂ ಲೆಕ್ಕಕ್ಕೆ ಬರಲಿಲ್ಲ. ಲೆಕ್ಕಕ್ಕೆ ಬಂದದ್ದು ಬಡತನ ಮಾತ್ರ.

ಸಾರಾಯಿ ಹೋದ ಜಾಗಕ್ಕೆ ಬಂದದ್ದು ಅಗ್ಗದ ವಿಸ್ಕಿ, ಬ್ರಾಂದಿ, ರಮ್. ಸಗಟು ವಹಿವಾಟು 2003ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಪಾನೀಯ ನಿಗಮದ್ದು. ಚಿಲ್ಲರೆ ಮಾರಾಟಕ್ಕೆ ಖಾಸಗಿ ವೈನ್ ಶಾಪು, ಬಾರುಗಳ ಜೊತೆಗೆ ಸರ್ಕಾರದ್ದೇ ಎಂಎಸ್‌ಐಎಲ್ ಮಳಿಗೆಗಳು ಹಳ್ಳಿಗಾಡಿಗೂ ಬಂದವು. ಮಳಿಗೆ ಇಲ್ಲದ ಹಳ್ಳಿಯಲ್ಲಿ ಪೆಟ್ಟಿ ಅಂಗಡಿಯಲ್ಲಿ ಕದ್ದುಮುಚ್ಚಿ ಸಿಗುವ ಟೆಟ್ರಾ ಪ್ಯಾಕ್. ಈ ಮದ್ಯದಲ್ಲಿ ಆಲ್ಕೋಹಾಲ್ ಶೇ 42.8. ಹಾಗಾಗಿ 90 ಮಿಲಿಯ ಒಂದು ಪ್ಯಾಕೆಟ್ಟಿನಲ್ಲಿ, ಎಲ್ಲರೂ ‘ನೈಂಟಿ’ ಎನ್ನುವುದರಲ್ಲಿ, ಶುದ್ಧ ಆಲ್ಕೋಹಾಲ್ ಸುಮಾರು 30 ಗ್ರಾಂ ಆಗುತ್ತದೆ. ಕ್ವಾರ್ಟರಿನಲ್ಲಿ 60. ಇಟಲಿಯ ಅಧ್ಯಯನ ಅಪಾಯದ ಗೆರೆ ಎಳೆದದ್ದು ಎಲ್ಲಿ ಎಂದು ಓದುಗರು ಒಮ್ಮೆ ನೆನಪಿಸಿಕೊಳ್ಳಬೇಕು. ಅಷ್ಟೇ ಆಲ್ಕೋಹಾಲ್ ಒಳಗೆ ಹೋಗಲು ಹಿಂದೆ ಮುಕ್ಕಾಲು ಲೀಟರಿನಷ್ಟು ಹೆಂಡ ಕುಡಿಯಬೇಕಿತ್ತು, ಅದಕ್ಕೆ ಹೊತ್ತೂ ಬೇಕಿತ್ತು. ಈಗ ಕೆಲಸ ಬಿಟ್ಟು ಮನೆಗೆ ಹೋಗುವ ದಾರಿಯಲ್ಲಿ, ಖಾಲಿ ಹೊಟ್ಟೆಯಲ್ಲಿ, ನಿಂತಲ್ಲೇ ಐದು ನಿಮಿಷ ಸಾಕು. ಹೆಂಡ ಒಳ್ಳೆಯದಿತ್ತು ಎಂಬ ಹಳೆಯ ಕಾಲದ ಹಂಬಲ ನನ್ನದಲ್ಲ; ಅಂದೂ ಕುಡಿದು ಮನೆ ಹಾಳು ಮಾಡಿಕೊಂಡವರಿದ್ದರು. ಆದರೆ ಹಿಂದಿನ ಹೆಂಡದ ಪ್ರಮಾಣದಲ್ಲಿ ಸದ್ದಿಲ್ಲದೆ ಉಳಿದಿರಬಹುದಾದ ಲಿವರಿನ ದೌರ್ಬಲ್ಯ ನೈಂಟಿಯ ಮುಂದೆ ಬಯಲಾಗುತ್ತದೆ. ಇತ್ತ ಅಬಕಾರಿಯಿಂದ ರಾಜ್ಯಕ್ಕೆ ಬರುವ ವಾರ್ಷಿಕ ಆದಾಯ 30,000 ಕೋಟಿ ರೂಪಾಯಿ ದಾಟಿದೆ.

ಹೆದ್ದಾರಿಯ ಊರು

ಸೋಂಪುರ, ಡಾಬಸ್‌ಪೇಟೆಗಳು ತುಮಕೂರು ರಸ್ತೆಯ ಊರುಗಳು. ರಾಗಿ, ಅವರೆ ಬೆಳೆಯುತ್ತಿದ್ದ ಹೊಲಗಳನ್ನು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಸ್ವಾಧೀನಪಡಿಸಿಕೊಂಡು ಇಲ್ಲಿ ಹಂತಹಂತವಾಗಿ ಕಾರ್ಖಾನೆಗಳಿಗೆ ಜಾಗ ಕೊಟ್ಟಿದೆ. ಪರಿಹಾರದ ಹಣ, ತಿಂಗಳ ಸಂಬಳ, ರಾತ್ರಿಪಾಳಿ, ಬಾಡಿಗೆ ಕೋಣೆಗಳಲ್ಲಿ ಇಳಿದುಕೊಂಡ ಹೊರರಾಜ್ಯದ ಯುವಕರು ಎಲ್ಲವೂ ಒಟ್ಟಿಗೆ ಬಂದವು.

ಈ ಬಗೆಯ ಊರನ್ನು ಅರ್ಥಮಾಡಿಕೊಳ್ಳಲು ನನಗೆ ಹೆಚ್ಚು ನೆರವಾದದ್ದು ಫಿನ್ಲೆಂಡಿನ ಅವಳಿಗಳ ಅಧ್ಯಯನ. ಹದಿಹರೆಯದ ಅವಳಿಗಳ ಕುಡಿತವನ್ನು ಪರಿಶೀಲಿಸಿದ ಡೇನಿಯಲ್ ಡಿಕ್, ರಿಚರ್ಡ್ ರೋಸ್, ಯಾಕ್ಕೊ ಕಾಪ್ರಿಯೊ ಮೊದಲಾದವರು 2001ರಲ್ಲಿ ಹೇಳಿದ್ದು ಇದು: ಹಳ್ಳಿಗಳಲ್ಲಿ ಮನೆ ಮತ್ತು ನೆರೆಹೊರೆಯ ಪ್ರಭಾವ ಹೆಚ್ಚು, ಪಟ್ಟಣಗಳಲ್ಲಿ ಆನುವಂಶಿಕ ಪ್ರಭಾವ ಹೆಚ್ಚು. ಜನರ ವಲಸೆ ಹೆಚ್ಚಿರುವ, ಯುವಕರು ಹೆಚ್ಚಿರುವ, ಮದ್ಯ ಹೆಚ್ಚು ಮಾರಾಟವಾಗುವ ಪ್ರದೇಶಗಳನ್ನೂ ಹಾಗಲ್ಲದ ಪ್ರದೇಶಗಳನ್ನೂ ಹೋಲಿಸಿದರೆ ಆನುವಂಶಿಕ ಪ್ರಭಾವದಲ್ಲಿ ಸುಮಾರು ಐದು ಪಟ್ಟು ವ್ಯತ್ಯಾಸ ಇತ್ತು. ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರಿನಲ್ಲಿ ಒಲವಿದ್ದವನಿಗೂ ಇಲ್ಲದವನಿಗೂ ಒಂದೇ ಕಾವಲು. ಕಾವಲು ಸಡಿಲವಾದ ಊರಿನಲ್ಲಿ ಒಲವಿದ್ದವನೇ ಮೊದಲು ಜಾರುತ್ತಾನೆ. ಹಾಗೆ ನೋಡಿದರೆ ಸೋಂಪುರದ ಎರಡು ಮಾತುಗಳು ಎದುರಾಳಿಗಳೇ ಅಲ್ಲ. ಫ್ಯಾಕ್ಟ್ರಿ, ಬಾರು ಬಂದದ್ದರಿಂದಲೇ ‘ಮನೆತನದಲ್ಲಿ ಇದ್ದದ್ದು’ ಹೆಚ್ಚು ಕಣ್ಣಿಗೆ ಬೀಳುತ್ತಿರಬಹುದು. ಇದು ಫಿನ್ಲೆಂಡಿನಿಂದ ಇಲ್ಲಿಗೆ ತಂದ ಊಹೆ. ಆದರೆ ಪರೀಕ್ಷೆಗೆ ಒಡ್ಡಬಹುದಾದ ಊಹೆ.

ಪರಿಸರದ ಬಲಕ್ಕೆ ಇನ್ನೊಂದು ಸಾಕ್ಷಿ ಪ್ರತಿ ಮನೆಯೊಳಗೇ ಇದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ಮೇಲ್ಪಟ್ಟ ಗಂಡಸರಲ್ಲಿ ಶೇ 16.5 ಮಂದಿ ಕುಡಿಯುತ್ತಾರೆ, ಹೆಂಗಸರಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಮದ್ಯ ಒಡೆಯುವ ಕಿಣ್ವದ ಎಡಿಎಚ್1ಬಿ ವಂಶವಾಹಿ ಇರುವುದು ನಾಲ್ಕನೇ ವರ್ಣತಂತುವಿನಲ್ಲಿ, ಪಿಎನ್‌ಪಿಎಲ್‌ಎ3 ಇರುವುದು 22ನೆಯದರಲ್ಲಿ. ಅಪ್ಪನಿಂದ ಇವು ಮಗನಿಗೆ ಬರುವಷ್ಟೇ ಮಗಳಿಗೂ ಬರುತ್ತವೆ. ಅಣ್ಣನ ಬಳುವಳಿ ಬಾಟಲಿಯವರೆಗೆ ಹೋಯಿತು, ತಂಗಿಯದು ಹೋಗಲಿಲ್ಲ. ಅವಳನ್ನು ತಡೆದದ್ದು ಮರ್ಯಾದೆಯ ಕಟ್ಟು, ಕೈಯಲ್ಲಿ ಕಾಸಿಲ್ಲದ ಸ್ಥಿತಿ, ಬಾರಿನ ಬಾಗಿಲು. ಆ ಕಟ್ಟನ್ನು ಹೊಗಳಬೇಕಿಲ್ಲ, ಅದಕ್ಕೆ ಅವಳು ಕೊಟ್ಟ ಬೆಲೆ ಬೇರೆಯೇ ಇದೆ. ಆದರೆ ಸಮಾಜದ ತಡೆ ಎಷ್ಟು ದೂರ ಕೆಲಸ ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಯೋಗ ಬೇಕಿಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದದ್ದು ಇದೇ ಹೆದ್ದಾರಿಯಲ್ಲಿ. ಕುಡಿಯದವರೇ ಕುಡಿತದ ಅರ್ಥಶಾಸ್ತ್ರವನ್ನು ಚೆನ್ನಾಗಿ ಬಲ್ಲರು.

ಹೆದ್ದಾರಿಯ ಬದಿಯ ಮದ್ಯ ಮಾರಾಟದ ಮೇಲೆ ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ 500 ಮೀಟರಿನ ನಿರ್ಬಂಧ ಹಾಕಿತು. 2017ರ ಮಾರ್ಚಿನಲ್ಲಿ 20,000ಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಅದನ್ನು 220 ಮೀಟರಿಗೆ ಇಳಿಸಿತು, ಜುಲೈನಲ್ಲಿ ನಗರಸಭೆ, ಪುರಸಭೆಗಳ ವ್ಯಾಪ್ತಿಗೆ ವಿನಾಯಿತಿ ಎಂದಿತು. ರಸ್ತೆ ಅಪಘಾತ ತಡೆಯಲು ಹೊರಟ ಆದೇಶವಾದರೂ, ಅಂಗಡಿಯ ದೂರ ಕುಡಿತವನ್ನು ಎಷ್ಟು ಬದಲಿಸುತ್ತದೆ ಎಂದು ಅಳೆಯಲು ಅದೊಂದು ಅವಕಾಶವಾಗಿತ್ತು.

ನಿಮ್ಹಾನ್ಸ್ ಮತ್ತು ಲಂಡನ್ನಿನ ಕಿಂಗ್ಸ್ ಕಾಲೇಜು ಮುಂದಾಗಿ ಕಟ್ಟಿದ ಸಿ–ವೇದ ಯೋಜನೆ, ಬೆಂಗಳೂರು, ಮೈಸೂರು ಸೇರಿದಂತೆ ದೇಶದ ಏಳು ಕೇಂದ್ರಗಳಲ್ಲಿ 6ರಿಂದ 23 ವರ್ಷದ ಸುಮಾರು 10,000 ಮಕ್ಕಳು ಮತ್ತು ಯುವಜನರನ್ನು ನೋಂದಾಯಿಸುವ ಗುರಿ ಇಟ್ಟುಕೊಂಡಿತು. ವಂಶವಾಹಿ, ಮಿದುಳಿನ ಚಿತ್ರ, ಬಡತನ, ಬಾಲ್ಯದ ಆಘಾತ, ಪರಿಸರದ ವಿಷಗಳು ಎಲ್ಲವನ್ನೂ ಒಂದೇ ವ್ಯಕ್ತಿಯಲ್ಲಿ ಕೂಡಿಸಿ ನೋಡುವ ಪ್ರಯತ್ನ ಅದು. ಸೋಂಪುರದಂಥ ಹೋಬಳಿಗೆ ಅಷ್ಟು ದೊಡ್ಡ ಯಂತ್ರ ಬೇಕಿಲ್ಲ. ಭೂಸ್ವಾಧೀನದ ಅಧಿಸೂಚನೆಗಳಲ್ಲಿ ತಾರೀಖಿದೆ, ಅಬಕಾರಿ ಇಲಾಖೆಯಲ್ಲಿ ಸನ್ನದುಗಳ ಲೆಕ್ಕವಿದೆ, ಆಸ್ಪತ್ರೆಗಳಲ್ಲಿ ಒಳರೋಗಿಗಳ ದಾಖಲೆ ಇದೆ. ಮೂರನ್ನೂ ಹಳ್ಳಿವಾರು ಪಕ್ಕಪಕ್ಕ ಇಟ್ಟರೆ ಮೇಲಿನ ಊಹೆ ನಿಲ್ಲುತ್ತದೋ ಬೀಳುತ್ತದೋ ತಿಳಿಯುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಚೀಟಿಯಲ್ಲಿ ‘ಮನೆಯಲ್ಲಿ ಯಾರಾದರೂ ಕುಡಿಯುತ್ತಾರೆಯೇ’ ಎಂಬ ಪ್ರಶ್ನೆಯ ಜೊತೆಗೆ ‘ಕುಡಿಯಲಿ ಬಿಡಲಿ, ಯಾರಿಗಾದರೂ ಲಿವರ್ ಕಾಯಿಲೆ, ಸಕ್ಕರೆ ಕಾಯಿಲೆ ಇತ್ತೇ’ ಎಂಬ ಇನ್ನೊಂದನ್ನು ಬೇರೆಯಾಗಿಯೇ ಕೇಳಬೇಕು. ಎರಡಕ್ಕೂ ಹೌದು ಎಂದವರ ಲಿವರ್ ಪರೀಕ್ಷೆಯನ್ನು ಕಾಮಾಲೆ ಕಾಣಿಸಿಕೊಳ್ಳುವವರೆಗೆ ಮುಂದೂಡಲಾಗದು. ಕೊಬ್ಬು ತುಂಬಿದ ಹಂತದಲ್ಲಿ ಕುಡಿತ ನಿಲ್ಲಿಸಿದರೆ ಲಿವರ್ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ.